ಹಿಡಿಮರದ ನೆಟಿಗೆ

ಪದರಯ್ಯನಿಗೆ ಆ ಹೆಸರು ಬಂದದ್ದು ಅವನ ಬಾಯಿಯ ದೆಸೆಯಿಂದ. ಊರ ಹೊರಗಿನ ಕಾರ್ಖಾನೆಯೊಂದರಲ್ಲಿ ಅವನಿಗೆ ಪ್ಯಾಕಿಂಗ್ ಕೆಲಸ. ಬಂದೂಕು ಎಂದರೆ ಎಲ್ಲರ ಕಣ್ಣಿಗೆ ಬೀಳುವುದು ಕಬ್ಬಿಣದ ನಳಿಗೆ. ಆದರೆ ಭುಜಕ್ಕೆ ಒತ್ತಿಕೊಳ್ಳುವ, ಕೆನ್ನೆ ಆನಿಸುವ, ಕೈಯಲ್ಲಿ ಹಿಡಿಯುವ ಮರದ ಭಾಗವೊಂದಿದೆಯಲ್ಲ, ಅದನ್ನು ಅಲ್ಲಿ ಹಿಡಿಮರ ಎನ್ನುತ್ತಿದ್ದರು. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಅದೊಂದೇ. ಇಡೀ ಮರವನ್ನು ಕೆತ್ತುವ ಹಳೆಯ ಪದ್ಧತಿ ಬಿಟ್ಟು, ಹಾಳೆಯಂಥ ತೆಳು ಹಲಗೆಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಪೇರಿಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ, ಆಮೇಲೆ ಕೆತ್ತುತ್ತಿದ್ದರು; ಅದಕ್ಕೆ ಪದರಮರ ಎಂದು ಹೆಸರು. ಪದರಯ್ಯನ ಕೈಗೆ ಮಾಲು ಬರುತ್ತಿದ್ದುದು ಇದೆಲ್ಲ ಮುಗಿದ ಮೇಲೆ. ಬಟ್ಟೆಯಲ್ಲಿ ಒರೆಸಬೇಕು, ಕಾಗದ ಸುತ್ತಬೇಕು, ಪೆಟ್ಟಿಗೆಯಲ್ಲಿ ಮಲಗಿಸಬೇಕು. ಅಷ್ಟೇ. ಆದರೆ ಅವನ ಮಾತು ಕೇಳಿದವರು ಪದರಮರವನ್ನು ಕಂಡುಹಿಡಿದ ಪುಣ್ಯಾತ್ಮ ಇವನೇ ಇರಬೇಕು ಅಂದುಕೊಳ್ಳುತ್ತಿದ್ದರು.

“ಒಂಟಿ ಮರಕ್ಕೆ ಒಂದೇ ಎಳೆ ನೋಡಿ. ಎಳೆ ಹೋದ ದಾರೀಲೇ ಸೀಳು ಹೋಗುತ್ತೆ. ಅದರಲ್ಲೂ ಈ ಕತ್ತು ಇದೆಯಲ್ಲ, ಕೈ ಹಿಡಿಯೋ ಸಣ್ಣ ಜಾಗ, ಅಲ್ಲಿ ಲಟಕ್ ಅಂತ ಹೋಗುತ್ತೆ. ನಮ್ಮ ಪದರಮರ ಹಾಗಲ್ಲ. ಒಂದು ಪದರ ಸೋತ್ರೆ ಪಕ್ಕದ್ದು ಹಿಡ್ಕೊಳ್ಳುತ್ತೆ. ಆನೆ ಕೂತರೂ ಮುರಿಯಲ್ಲ!”

ಇದನ್ನು ಅವನು ಕ್ಷೌರದಂಗಡಿಯಲ್ಲಿ ಹೇಳಿದ್ದ, ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದ್ದ. ಸಾವಿನ ಮನೆಯೊಂದಕ್ಕೆ ಮಾತಾಡಿಸಲು ಹೋದಾಗ, ಅಳುತ್ತ ಕೂತವರ ಕುರ್ಚಿಯನ್ನು ಬೆರಳಿನಿಂದ ಬಡಿದು ನೋಡಿ, “ಒಂಟಿ ಮರ. ಸ್ವಲ್ಪ ನಿಧಾನವಾಗಿ ಅಳಿ” ಎಂದಿದ್ದ.

ಬಹಳ ಕಾಲ ದುಡಿದವರಿಗೆ ಆ ಕಾರ್ಖಾನೆಯವರು ಗೋಡೆ ಗಡಿಯಾರ ಕೊಡುತ್ತಿದ್ದರು. ತನ್ನ ಸರದಿ ಬಂದಾಗ ಪದರಯ್ಯ ಗಡಿಯಾರ ಬೇಡ, ಒಂದು ಹಿಡಿಮರ ಕೊಡಿ ಎಂದ. ಮ್ಯಾನೇಜರಿಗೂ ಅದೇ ಅನುಕೂಲವಾಯಿತು. ಆಗಷ್ಟೇ ಮುಗಿದ ಮಾಲಿನಲ್ಲಿ ಪಾಲಿಶ್ ಕಲೆಯಾಗಿ ಬದಿಗಿಟ್ಟಿದ್ದ ಒಂದನ್ನು ಎತ್ತಿ ಕೊಟ್ಟರು. ನಳಿಗೆ ಇಲ್ಲ, ಬೆರಳಿನಿಂದ ಎಳೆಯುವ ಕುದುರೆ ಇಲ್ಲ, ಬರೀ ಮರ. ಪದರಯ್ಯ ಅದನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿ ಮನೆಗೆ ತಂದ.

ಅವನ ನಡುಮನೆಯಲ್ಲಿ ಭಾರ ತಡೆಯುವ ಮೊಳೆ ಇದ್ದದ್ದು ಒಂದೇ ಕಡೆ. ಅದರಲ್ಲಿ ಮಾವನವರ ಫೋಟೋ ತೂಗುತ್ತಿತ್ತು. ಪದರಯ್ಯ ಸ್ಟೂಲು ಹತ್ತಿ ಫೋಟೋ ಇಳಿಸಿದ. ಮೂಲೆಯಲ್ಲಿ ಕೂತಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡರು. ಗಂಡ ತೀರಿಕೊಂಡ ಮೇಲೆ ಅವರು ಮಗಳ ಮನೆಯಲ್ಲೇ ಇದ್ದರು.

“ಅಳಿಯಂದ್ರೇ, ಅವರನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ?”

“ಒಳಗಿನ ಕೋಣೆಗೆ ಅತ್ತೆ. ಅಲ್ಲಿ ತಂಪಾಗಿರುತ್ತೆ.”

“ಅವರಿಗೆ ತಂಪು ಆಗಿಬರಲ್ಲ.”

“ರೀ, ಅಮ್ಮ ಬೇಜಾರು ಮಾಡ್ಕೋತಾಳೆ, ಬಿಡ್ರೀ” ಎಂದು ಹೆಂಡತಿ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಹಿಡಿಮರ ಮೊಳೆ ಏರಿತ್ತು. ಪದರಯ್ಯ ಹಿಂದೆ ಸರಿದು ನೋಡಿದ. ಕಂದು, ತಿಳಿಗಂದು, ಕಂದು, ತಿಳಿಗಂದು, ಗೆರೆಗಳು ಹೊಳೆಯುತ್ತಿದ್ದವು. ಚೆನ್ನಾಗೇ ಕಾಣುತ್ತಿತ್ತು. ಆದರೂ ತಲೆಯಿಲ್ಲದ ಏನೋ ಒಂದನ್ನು ಕತ್ತಿಗೆ ಹಗ್ಗ ಬಿಗಿದು ತೂಗುಹಾಕಿದಂತೆ ಅವನಿಗೆ ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ್ದನ್ನು ಅವನು ಯಾರಿಗೂ ಹೇಳಲಿಲ್ಲ.

ರಜೆಯ ದಿನ. ಊಟ ಮುಗಿದಿತ್ತು. ಬೀದಿಯಲ್ಲಿ ಒಂದು ಸೈಕಲ್ಲಿನ ಸದ್ದೂ ಇಲ್ಲದ ಮಧ್ಯಾಹ್ನ. ಗೋಡೆಯ ಮೇಲಿಂದ ‘ಟಿಕ್’ ಎಂದಿತು.

ಸದ್ದು ದೊಡ್ಡದೇನಲ್ಲ. ಬೆರಳಿನ ಗೆಣ್ಣು ಮಡಿಸಿದಷ್ಟು. ತೂಕಡಿಸುತ್ತಿದ್ದ ಅತ್ತೆ ಕಣ್ಣು ಬಿಟ್ಟರು. ಗೋಡೆಯನ್ನು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡರು.

“ಬಂದ್ರಾ?” ಎಂದರು.

“ಯಾರು ಅತ್ತೆ?”

“ನಿಮ್ಮ ಮಾವನೋರು. ಊಟ ಆದ್ಮೇಲೆ ಹೀಗೇ ಅಲ್ವಾ ನೆಟಿಗೆ ಮುರೀತಿದ್ದಿದ್ದು.”

ಇದರಲ್ಲಿ ಸುಳ್ಳಿರಲಿಲ್ಲ. ಮಾವನವರು ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದವರು. ದಿನವಿಡೀ ಪ್ರಯಾಣಿಕರ ಜೊತೆ ಕಿರುಚಾಡಿ ಮನೆಗೆ ಬಂದರೆ ಒಂದು ಮಾತಾಡುತ್ತಿರಲಿಲ್ಲ. ಹೆಂಡತಿ ಏನು ಕೇಳಿದರೂ ಒಂದು ಬೆರಳು ನೆಟಿಗೆ ಮುರಿಯುತ್ತಿದ್ದರು. ಹೌದು ಎಂದರೂ ಅದೇ, ಇಲ್ಲ ಎಂದರೂ ಅದೇ. ಸಂಸಾರ ಪೂರ್ತಿ ಹಾಗೇ ಸಾಗಿತ್ತು.

ಪದರಯ್ಯ ಗಂಟಲು ಸರಿಮಾಡಿಕೊಂಡು, ತೆಳು ಹಲಗೆ ಅಂದರೇನು, ಅಂಟು ಅಂದರೇನು, ಹೊಸ ಮನೆಯ ಗಾಳಿಗೆ ಮರ ಹೇಗೆ ಹೊಂದಿಕೊಳ್ಳುತ್ತದೆ ಎಂದು ವಿವರಿಸತೊಡಗಿದ. ಅತ್ತೆ ಅವನ ಮಾತು ಮುಗಿಯುವವರೆಗೆ ಕಾದು, ಗೋಡೆಯತ್ತ ತಿರುಗಿ ಕೇಳಿದರು: “ಇವರು ಹೇಳ್ತಿರೋದು ನಿಜವೇನ್ರೀ?”

ಟಿಕ್.

“ನೋಡಿ. ಇದ್ದಾಗ್ಲೂ ಇಷ್ಟೇ ಮಾತಾಡ್ತಿದ್ದಿದ್ದು” ಎಂದು ಅತ್ತೆ ತಮ್ಮ ಕುರ್ಚಿಯನ್ನು ಎಳೆದು ಹಿಡಿಮರದ ಎದುರಿಗೆ ಹಾಕಿಕೊಂಡರು.

ಅಲ್ಲಿಂದ ಮಧ್ಯಾಹ್ನಗಳು ಅತ್ತೆಯವಾದವು. ಅವರು ಮಾತಾಡುವರು, ಅದು ಟಿಕ್ ಅನ್ನುವುದು. ಕೆಲವು ದಿನ ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಅದು ಸುಮ್ಮನಿದ್ದು ಆಮೇಲೆ ಟಿಕ್ ಅನ್ನುತ್ತಿತ್ತು. ಪದರಯ್ಯನ ಹೆಂಡತಿಗೆ ಇದು ಬಹಳ ಹೆದರಿಕೆ ತಂದಿತು. ಅಪ್ಪ ಬದುಕಿದ್ದಾಗ ಹಾಗೆ ಕಾದು ಕೇಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಪಕ್ಕದ ಮನೆಯ ಟೈಲರಮ್ಮ ಅಳತೆ ತೆಗೆದುಕೊಳ್ಳಲು ಬಂದವಳು ಇದನ್ನು ಬಾಗಿಲಲ್ಲೇ ನಿಂತು ಕೇಳಿದಳು. ಟೇಪನ್ನು ಕೊರಳಿಗೆ ಸುತ್ತಿಕೊಂಡು ಹಾಗೇ ಹಿಂದಕ್ಕೆ ನಡೆದುಹೋದಳು. ಸಂಜೆಯೊಳಗೆ ಎದುರು ಮನೆಯ ಗಡಿಯಾರ ರಿಪೇರಿಯವನು ಬಂದ. ಅವನು ಮೊದಲು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಡಿಮರವನ್ನೆಲ್ಲ ಹುಡುಕಿದ. ಒಳಗೆ ಗಡಿಯಾರ ಇಲ್ಲ ಎಂದು ಖಚಿತವಾದ ಮೇಲೆ ಅವನ ಮುಖ ಬಿಳಿಚಿಕೊಂಡಿತು.

“ಸ್ಪ್ರಿಂಗಿಲ್ಲ, ಗಾಲಿಯಿಲ್ಲ. ಸುಮ್ಸುಮ್ನೆ ಟಿಕ್ ಅನ್ನೋ ವಸ್ತು ಈ ಪ್ರಪಂಚದಲ್ಲಿ ಇರಬಾರದು ಪದರಯ್ಯನೋರೇ.”

“ಪದರಮರ ಅಂದ್ರೆ ಏನು ಅಂತ ನಿಮಗೆ ಮೊದಲು…”

“ಅದಿರಲಿ. ನಮ್ಮ ಅಣ್ಣ ತೀರಿಕೊಂಡಾಗ ನಮ್ಮಿಬ್ಬರಿಗೂ ಮಾತಿರಲಿಲ್ಲ. ತಪ್ಪು ಯಾರದ್ದು ಅಂತ ಒಂದು ಮಾತು ಕೇಳಿಸ್ತೀರಾ?”

ಅತ್ತೆ ಕೇಳಿಸಿದರು. ಟಿಕ್ ಎಂದಿತು. ತಪ್ಪು ಅಣ್ಣನದು ಎಂದು ಅವನು ಅರ್ಥ ಮಾಡಿಕೊಂಡು ಸಂತೋಷದಿಂದ ಹೋದ. ಮಾರನೆಯ ದಿನ ಅವನ ಅತ್ತಿಗೆ ಬಂದು ಅದೇ ಪ್ರಶ್ನೆ ಕೇಳಿ ಅಷ್ಟೇ ಸಂತೋಷದಿಂದ ಹೋದಳು.

ಆಮೇಲೆ ಪೊಲೀಸಪ್ಪ ಬಂದ. ಮನೆಯಲ್ಲಿ ಬಂದೂಕು ಇದೆ ಎಂದು ಯಾರೋ ದೂರು ಕೊಟ್ಟಿದ್ದರು. ಅವನು ಲಾಠಿಯ ತುದಿಯಿಂದ ಹಿಡಿಮರವನ್ನು ಒಮ್ಮೆ ತಿವಿದ.

“ಇದು ಯಾರನ್ನಾದ್ರೂ ಕೊಂದಿದೆಯಾ?”

“ಸಾರ್, ಇದಕ್ಕೆ ನಳಿಗೇನೇ ಕೂಡಿಸಿಲ್ಲ. ಫ್ಯಾಕ್ಟರಿಯಿಂದ ನೇರ ಮನೆಗೆ ಬಂದಿದ್ದು. ಇದು ಯಾರನ್ನೂ ಕೊಂದಿಲ್ಲ.”

“ಇನ್ನೂ ಕೊಂದಿಲ್ಲ ಅನ್ನಿ” ಎಂದು ಪೊಲೀಸಪ್ಪ ತಿದ್ದಿದ. ಆಗ ಅದು ಟಿಕ್ ಎಂದಿತು. ಪೊಲೀಸಪ್ಪ ಲಾಠಿ ಕಂಕುಳಿಗೆ ಸೇರಿಸಿಕೊಂಡು, ಟೋಪಿ ತೆಗೆದು, ಬಹಳ ಮೆಲ್ಲಗೆ, ತನ್ನ ತಂದೆಯೂ ಅಲ್ಲೆಲ್ಲಾದರೂ ಇದ್ದಾರೆಯೇ, ತಾನು ಪೊಲೀಸ್ ಆದದ್ದು ಅವರಿಗೆ ತಿಳಿದಿದೆಯೇ ಎಂದು ಕೇಳಿದ. ಹೋಗುವಾಗ ಅವನ ಕಣ್ಣು ಒದ್ದೆಯಾಗಿತ್ತು. ಅಲ್ಲಿಂದ ಮುಂದೆ ಪ್ರಶ್ನೆ ಕೇಳಲು ಬರುವವರ ಮಧ್ಯಾಹ್ನದ ಸಾಲನ್ನು ನಿಭಾಯಿಸಲು ಅವನೇ ಬಾಗಿಲಲ್ಲಿ ನಿಲ್ಲತೊಡಗಿದ.

ಇಷ್ಟೆಲ್ಲ ಆಗುವಾಗಲೂ ಪದರಯ್ಯನಿಗೆ ಇದ್ದದ್ದು ಒಂದೇ ಕೊರಗು: ಬಂದವರಲ್ಲಿ ಒಬ್ಬರಾದರೂ ಪದರಮರದ ಗಟ್ಟಿತನದ ಬಗ್ಗೆ ಕೇಳುತ್ತಿರಲಿಲ್ಲ.

ಒಂದು ದಿನ ಊಟದ ಬಿಡುವಿನಲ್ಲಿ ಅವನು ಸುತ್ತುವ ಕಾಗದ ತರಲೆಂದು ಕಾರ್ಖಾನೆಯ ಗೋಡೌನಿಗೆ ಹೋದ. ಯಂತ್ರಗಳೆಲ್ಲ ನಿಂತಿದ್ದವು. ಉದ್ದನೆಯ ಕೋಣೆ. ಗೋಡೆಯ ಮೇಲ್ಭಾಗದ ಸಣ್ಣ ಕಿಟಕಿಗಳಿಂದ ಬೆಳಕು ಧೂಳಿನಲ್ಲಿ ಕೋಲುಕೋಲಾಗಿ ಇಳಿಯುತ್ತಿತ್ತು. ಸಾಲುಸಾಲು ಸ್ಟ್ಯಾಂಡುಗಳಲ್ಲಿ ಹಿಡಿಮರಗಳು ಕತ್ತಿನ ಆಸರೆಯಲ್ಲಿ ತೂಗುತ್ತಿದ್ದವು, ಎಲ್ಲ ಒಂದೇ ಕಡೆ ಮುಖ ಮಾಡಿ, ಯಾರಿಗೋ ಕಾದು ನಿಂತ ಜನದ ಹಾಗೆ.

ಟಿಕ್, ಎಂದಿತು ಬಾಗಿಲ ಬಳಿಯದೊಂದು.

ಪದರಯ್ಯ ನಿಂತ. ದೂರದ ಮೂಲೆಯಿಂದ ಟಿಕ್ ಎಂದು ಉತ್ತರ ಬಂತು. ಆಮೇಲೆ ನಡುವಿನ ಸಾಲಿನಿಂದ. ಆಮೇಲೆ ಅವನ ಕಿವಿಯ ಪಕ್ಕದಲ್ಲೇ. ಕತ್ತಲೆಯ ಸಿನಿಮಾ ಹಾಲಿನಲ್ಲಿ ಜನ ನೆಟಿಗೆ ಮುರಿಯುತ್ತ ಕೂತಂತೆ ಆ ಸದ್ದು ಕೋಣೆಯ ತುಂಬ ಮೆಲ್ಲಗೆ ಓಡಾಡಿತು. ವರ್ಷಗಟ್ಟಲೆ ಜನಕ್ಕೆ ಬುದ್ಧಿ ಹೇಳಿದ ಆ ಬಾಯಿಂದ ಹೊರಟದ್ದು ಒಂದೇ ಮಾತು.

“ಮಾವ?”

ಟಿಕ್ ಟಿಕ್ ಟಿಕ್, ಎಂದಿತು ಗೋಡೌನು.

ಒಬ್ಬ ಮಾವನನ್ನೇ ನಿಭಾಯಿಸಲಾರದ ಮನುಷ್ಯ ಒಂದು ಗೋಡೌನಿನ ಮಾವಂದಿರ ನಡುವೆ ಸಿಕ್ಕಿಕೊಂಡರೆ ಏನು ಮಾಡಿಯಾನು? ಅವನು ಹಿಡಿಮರಗಳಿಗೆ ಬೆನ್ನು ಮಾಡದೆ, ಬಾಗಿಲು ಎಲ್ಲಿದೆಯೆಂದೂ ನೋಡದೆ, ಹಿಂದೆ ಹಿಂದೆ ಸರಿದ. ಮೊಣಕೈ ಒಂದು ಸ್ಟ್ಯಾಂಡಿಗೆ ತಗುಲಿತು. ಒಂದು ಹಿಡಿಮರ ಕಳಚಿ ನೆಲಕ್ಕೆ ಬಿತ್ತು. ಸೊಂಟದೆತ್ತರದಿಂದ, ಅಷ್ಟೇ. ಬಿದ್ದದ್ದು ಕತ್ತಿನ ಬಳಿ ಪುಸ್ತಕದಂತೆ ಬಿಚ್ಚಿಕೊಂಡಿತು.

ಪದರಯ್ಯನಿಗೆ ಹೆದರಿಕೆ ಮರೆತುಹೋಯಿತು. ಅವನು ನೆಲದ ಮೇಲೆ ಕೂತು ಅದನ್ನು ಕೈಗೆತ್ತಿಕೊಂಡ. ಮರ ಮುರಿದಿರಲಿಲ್ಲ, ಒಂದು ಎಳೆಯೂ ಸೀಳಿರಲಿಲ್ಲ. ಪದರ ಪದರದ ನಡುವಿನ ಅಂಟು ಬಿಟ್ಟಿತ್ತು. ಮುಟ್ಟಿದರೆ ಬೆರಳಿಗೆ ಜಿಗುಟು. ಹಿಂದೊಮ್ಮೆ ಪ್ರೆಸ್ಸಿಗೆ ಬಿಸಿ ಏರದೆ ಹೋಗಿದ್ದು, ನಿಲ್ಲಿಸೋಣವೇ ಎಂದು ಕೆಲಸಗಾರರು ಕೇಳಿದ್ದು, “ನಡೀಲಿ ನಡೀಲಿ” ಎಂದು ಮ್ಯಾನೇಜರು ಅಂದದ್ದು ಅವನಿಗೆ ನೆನಪಾಯಿತು. ಪ್ರೆಸ್ಸಿನಿಂದ ಇಳಿದ ದಿನ ಎಲ್ಲ ಗಟ್ಟಿಯಾಗಿಯೇ ಇದ್ದವು. ಈಗ ಬಿಸಿಲಿಗೂ ತೇವಕ್ಕೂ ಮರ ಹಿಗ್ಗಿ ಕುಗ್ಗಿ, ಬೇಯದ ಅಂಟು ಒಂದೊಂದೇ ಕಡೆ ಬಿಡುತ್ತಿತ್ತು. ಬಿಟ್ಟಾಗಲೆಲ್ಲ ಟಿಕ್.

ಅದೇ ಮಾಲು ಪೆಟ್ಟಿಗೆಗಟ್ಟಲೆ ಬಂದೂಕಿನಿಂದ ಗುರಿ ಹೊಡೆಯುವವರ ಕ್ಲಬ್ಬಿಗೆ ಹೋಗಿ ಆಗಿತ್ತು. ಸುತ್ತಿ ಕಟ್ಟಿ ಕಳಿಸಿದವನು ತಾನೇ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಒದೆತಕ್ಕೆ ಕತ್ತು ಬಿಚ್ಚಿಕೊಂಡರೆ ಕಬ್ಬಿಣ ಬಂದು ಬೀಳುವುದು ಕೆನ್ನೆ ಆನಿಸಿದವರ ಕಣ್ಣಿಗೆ.

ಅವನು ಬಿಚ್ಚಿದ ಹಿಡಿಮರವನ್ನು ಎದೆಗವಚಿಕೊಂಡು ಮ್ಯಾನೇಜರ ಕೋಣೆಗೆ ಓಡಿದ.

“ಸಾರ್, ಗೋಡೌನಲ್ಲಿ ಎಲ್ಲಾ ಟಿಕ್ ಟಿಕ್ ಅಂತಿವೆ!”

ಮ್ಯಾನೇಜರು ನಿಧಾನವಾಗಿ ಬಾಗಿಲು ಮುಚ್ಚಿದರು. “ನಿಮ್ಮ ಮನೇಲಿ ಏನೋ ಇದೆ ಅಂತ ಊರೆಲ್ಲ ಮಾತಾಡ್ತಿದೆ. ಅದನ್ನ ಇಲ್ಲೀವರೆಗೂ ಕರ್ಕೊಂಡು ಬಂದಿರಾ?”

“ದೆವ್ವ ಅಲ್ಲ ಸಾರ್. ಅಂಟು. ನೋಡಿ ಇಲ್ಲಿ, ಬೆಂದೇ ಇಲ್ಲ.”

“ಶ್! ಆ ಮಾತು ಆಡಬೇಡಿ.”

“ಯಾವ ಮಾತು ಸಾರ್?”

“ಅಂಟು ಅನ್ನೋ ಮಾತು. ಅಂಟು ಅಂದ್ರೆ ಪ್ರೆಸ್ಸು, ಪ್ರೆಸ್ಸು ಅಂದ್ರೆ ನಾನು. ದೆವ್ವ ಅನ್ನಿ ಬೇಕಾದ್ರೆ. ದೆವ್ವಕ್ಕೆ ಯಾರು ಹೊಣೆ? ಯಾರೂ ಅಲ್ಲ.”

“ಕ್ಲಬ್ಬಲ್ಲಿ ಸ್ಪರ್ಧೆ ಹತ್ತಿರ ಬಂತು ಸಾರ್. ಯಾರದಾದ್ರೂ ಕಣ್ಣು…”

“ಪದರಯ್ಯನೋರೇ,” ಮ್ಯಾನೇಜರ ದನಿ ಬಹಳ ಮೃದುವಾಯಿತು, “ಪದರಮರ ಆನೆ ಕೂತರೂ ಮುರಿಯಲ್ಲ ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದೋರು ಯಾರು? ನಾನಾ?”

ಬಿಚ್ಚಿಕೊಂಡ ಹಿಡಿಮರವನ್ನು ಮ್ಯಾನೇಜರು ಅವನ ಕೈಯಿಂದ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀರುವಿನೊಳಗಿಂದ ಟಿಕ್ ಎಂದಿತು. ಇಬ್ಬರೂ ಕೇಳಿಸದವರಂತೆ ನಿಂತರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು.

“ಅಂದ್ರೆ ಅಮ್ಮನ ಹತ್ರ ಮಾತಾಡ್ತಿರೋದು ಅಂಟಾ?”

“ಅಂಟೇ ಕಣೇ. ಅದೂ ಅದೇ ಮಾಲು, ಅದೇ ಮುದ್ರೆ ಇದೆ.”

“ಅಮ್ಮನಿಗೆ ಹೇಳ್ಬೇಡಿ.” ಅವಳು ನಡುಮನೆಯತ್ತ ನೋಡಿದಳು. ಅಲ್ಲಿ ಅತ್ತೆ ಯಾವುದೋ ಹಳೆಯ ರೈಲಿನ ಮಾತು ತೆಗೆದು ಒಬ್ಬರೇ ನಗುತ್ತಿದ್ದರು. “ಆದ್ರೆ ಕ್ಲಬ್ಬಿಗೆ ಹೋಗಿ ಹೇಳಿ. ಯಾರ ಮನೆ ಮಕ್ಕಳೋ ಏನೋ.”

ಕ್ಲಬ್ಬಿನ ಯಜಮಾನಿಕೆ ಒಬ್ಬ ನಿವೃತ್ತ ಕ್ಯಾಪ್ಟನ್‌ರದು. ಗುಡ್ಡದಂಥ ಮನುಷ್ಯ, ಪೊರಕೆಯಂಥ ಮೀಸೆ. ಉದ್ದ ಮೇಜಿನ ಮೇಲೆ ಬಂದೂಕುಗಳು ಸಾಲಾಗಿ ಮಲಗಿದ್ದವು. ಸ್ಪರ್ಧೆಗೆ ಅಭ್ಯಾಸ ಮಾಡಲು ಬಂದ ಹೆಂಗಸರು ಗಂಡಸರು ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಿದ್ದರು. ಪದರಯ್ಯ ಏದುಸಿರು ಬಿಡುತ್ತ ಅಂಟು, ಪ್ರೆಸ್ಸು, ಬಿಸಿ, ತೇವ ಎಂದು ಹಿಂದುಮುಂದಾಗಿ ಹೇಳಿದ.

“ನೀವು ಅಲ್ಲಿ ಏನಾಗಿದೀರಿ? ಇಂಜಿನಿಯರಾ?” ಕ್ಯಾಪ್ಟನ್ ಕೇಳಿದರು.

“ಪ್ಯಾಕಿಂಗು ಸಾರ್.”

“ಹಾಗಾದ್ರೆ ಪ್ಯಾಕ್ ಮಾಡಿ!” ಎಂದು ಗುಡುಗಿ ಕ್ಯಾಪ್ಟನ್ ಒಂದು ಬಂದೂಕನ್ನು ಎತ್ತಿ, ಹಿಡಿಮರದ ತುದಿಯನ್ನು ನೆಲಕ್ಕೆ ಧಡ್ ಎಂದು ಕುಟ್ಟಿದರು. ಏನೂ ಆಗಲಿಲ್ಲ. ಮತ್ತೆ ಕುಟ್ಟಿದರು. ಕಿಟಕಿ ಗಾಜು ಅದುರಿತೇ ಹೊರತು ಹಿಡಿಮರಕ್ಕೆ ಕೂದಲೂ ಕೊಂಕಲಿಲ್ಲ. ಪದರಯ್ಯನ ಮನಸ್ಸಿನ ಒಂದು ಮೂಲೆಗೆ ಹೆಮ್ಮೆಯೂ ಆಯಿತು. ಕೆಟ್ಟ ಅಂಟಿನಲ್ಲೂ ಏನು ತಾಳ್ಮೆ!

“ಸಾರ್, ಉದ್ದಕ್ಕೆ ಕುಟ್ಟಿದ್ರೆ ತಡ್ಕೊಳ್ಳುತ್ತೆ. ಕತ್ತಿನ ಮೇಲೆ ಅಡ್ಡ ಏಟು ಬಿದ್ದಾಗ…”

“ಸಾಕು. ಯಾರ್ರೀ ಬಾಗಿಲಲ್ಲಿ? ಇವರನ್ನ ಹೊರಗೆ ಬಿಟ್ಟು ಬನ್ನಿ.”

ಆಗ ಸಾಲಿನ ಕೊನೆಯಲ್ಲಿದ್ದ ಹೆಂಗಸೊಬ್ಬಳು ಕಿವಿಯ ಮುಚ್ಚಳ ಸರಿಸಿ ಅವನನ್ನು ದಿಟ್ಟಿಸಿದಳು. “ಇವರೇ ಅಲ್ವಾ? ಆ ಮಾವನ ಮನೆಯವರು?”

ಇಡೀ ಕೋಣೆ ತಿರುಗಿತು. “ಯಾವ ಮಾವ?” ಎಂದು ಕ್ಯಾಪ್ಟನ್ ಕೇಳಿದ್ದಕ್ಕೆ ನಾಲ್ಕಾರು ಜನ ಒಟ್ಟಿಗೆ ಉತ್ತರ ಕೊಟ್ಟರು. ಒಬ್ಬನ ಚಿಕ್ಕಮ್ಮ ಸಾಲಿನಲ್ಲಿ ನಿಂತು ಬಂದಿದ್ದಳು. ಇನ್ನೊಬ್ಬನಿಗೆ ಪೊಲೀಸಪ್ಪನ ಪರಿಚಯ. ಅಂಟಿನ ವಿಷಯ ಕೇಳಿ ಆಕಳಿಸಿದ್ದವರೆಲ್ಲ ಈಗ ಪದರಯ್ಯನನ್ನು ಸುತ್ತುವರಿದರು.

“ನಿಜ ಹೇಳಿ,” ಆ ಹೆಂಗಸು ದನಿ ತಗ್ಗಿಸಿದಳು. “ನಿಮ್ಮ ಮನೇಲಿರೋದು, ಇವೆಲ್ಲ, ಒಟ್ಟಿಗೇ ಬಂದಿದ್ದಾ?”

“ಒಂದೇ ಮಾಲು.”

“ಹಾಗಾದ್ರೆ ಇವುಗಳಲ್ಲೂ… ಇದೆಯಾ?”

ಪದರಯ್ಯ ಮೇಜಿನ ಕಡೆ ನೋಡಿದ. ಜನರ ಕಡೆ ನೋಡಿದ. ಅಷ್ಟೂ ಮುಖಗಳು, ಅಷ್ಟೂ ಕಣ್ಣುಗಳು. ಪದರಮರದ ಬಗ್ಗೆ ಜೀವಮಾನದಲ್ಲಿ ಅವನು ಉತ್ಪ್ರೇಕ್ಷೆ ಮಾಡಿದ್ದುಂಟು, ಬೇಕೆಂದೇ ಸುಳ್ಳು ಹೇಳಿದ್ದಿಲ್ಲ. ಅಂಟು ಎಂದರೆ ಹೊರಗೆ ದಬ್ಬುತ್ತಾರೆ.

“ಇದೆ” ಎಂದ.

“ಎಷ್ಟರಲ್ಲಿ?”

“ಎಲ್ಲಾದ್ರಲ್ಲೂ.”

ಬಂದೂಕು ಹಿಡಿದಿದ್ದವರು ಅದನ್ನು ಹಾವನ್ನು ಕೆಳಗಿಡುವಷ್ಟು ಜೋಪಾನದಿಂದ ಮೇಜಿನ ಮೇಲಿಟ್ಟರು. ಕ್ಯಾಪ್ಟನ್ ಮಾತ್ರ ತಮ್ಮದನ್ನು ಬಿಡಲಿಲ್ಲ. “ನಾನು ಯುದ್ಧ ನೋಡಿದವನು! ದೆವ್ವ ಅಂತೆ! ಈಗಲೇ ಗುಂಡು ಹಾರಿಸಿ ತೋರಿಸ್ತೀನಿ” ಎಂದು ಕೆನ್ನೆಯನ್ನು ಹಿಡಿಮರಕ್ಕೆ ಆನಿಸಿ ಗುರಿ ಹಿಡಿದರು. ಬೆರಳು ಕುದುರೆಯತ್ತ ಹೋಯಿತು. ಪದರಯ್ಯ ಕಣ್ಣು ಮುಚ್ಚಿಕೊಂಡ. ಯಾರೂ ಉಸಿರಾಡಲಿಲ್ಲ.

ಆ ನಿಶ್ಶಬ್ದದಲ್ಲಿ, ಕ್ಯಾಪ್ಟನ್‌ರ ಕೆನ್ನೆಯ ಕೆಳಗೆ, ಟಿಕ್ ಎಂದಿತು.

ಯುದ್ಧ ನೋಡಿದ ಮನುಷ್ಯ ಬಂದೂಕನ್ನು ಕೆಳಗಿಟ್ಟದ್ದು ಯಾರಿಗೂ ಕಾಣಿಸಲಿಲ್ಲ. ಏಕೆಂದರೆ ಆ ಹೊತ್ತಿಗೆ ಎಲ್ಲರೂ ಬಾಗಿಲಲ್ಲಿದ್ದರು, ಮತ್ತು ಎಲ್ಲರಿಗಿಂತ ಮುಂದೆ ಕ್ಯಾಪ್ಟನ್‌ರೇ ಇದ್ದರು.

ಮಾಲು ಮರುದಿನವೇ ವಾಪಸ್ ಬಂತು. ತಂದ ಲಾರಿಯ ಡ್ರೈವರು ದಾರಿಯುದ್ದಕ್ಕೂ ಗಟ್ಟಿಯಾಗಿ ಹಾಡಿಕೊಂಡು ಬಂದಿದ್ದನಂತೆ. ವಿಷಯ ತಿಳಿದು ಕಾರ್ಖಾನೆಯ ಮಾಲೀಕರೇ ಬಂದಿಳಿದರು. ಗಿಡ್ಡಗೆ, ಚೊಕ್ಕವಾಗಿ, ಸದಾ ಕರವಸ್ತ್ರದಿಂದ ಕೈ ಒರೆಸಿಕೊಳ್ಳುವ ಮನುಷ್ಯ. ಪರೀಕ್ಷೆ ಕೋಣೆಯ ಮೇಡಂ ಒಂದೊಂದು ಹಿಡಿಮರದ ತುದಿಯಿಂದ ರೊಟ್ಟಿಯ ತುಂಡಿನಂಥ ತೆಳು ಚೂರು ಕೊಯ್ದು ಕುದಿಯುವ ನೀರಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಚೂರುಗಳೆಲ್ಲ ಎಳೆಎಳೆಯಾಗಿ ಬಿಚ್ಚಿಕೊಂಡು ನೀರಲ್ಲಿ ತೇಲಿದವು.

“ಸಾರ್, ಇದು ಸ್ಪಷ್ಟವಾಗಿ ಅಂ…” ಎಂದು ಮೇಡಂ ಶುರುಮಾಡಿದರು.

“ದೆವ್ವ!” ಎಂದರು ಮ್ಯಾನೇಜರು. “ಎಷ್ಟು ನೀಟಾಗಿ ಬಿಡಿಸಿದೆ ನೋಡಿ ಸಾರ್. ಮನುಷ್ಯರ ಕೈಲಿ ಆಗೋ ಕೆಲಸವಾ ಇದು?”

ಮಾಲೀಕರು ಪಾತ್ರೆಯೊಳಗೆ ಬಹಳ ಹೊತ್ತು ನೋಡಿದರು. ಅಂಟು ಎಂದರೆ ಹಳೆಯ ಗಿರಾಕಿಗಳೆಲ್ಲ ತಮ್ಮ ಮಾಲನ್ನೂ ಕುದಿಸಿ ನೋಡುತ್ತಾರೆ. ದೆವ್ವ ಎಂದರೆ ಈ ಒಂದು ಮಾಲಿಗೆ ಮುಗಿಯುತ್ತದೆ. “ದೆವ್ವಕ್ಕೆ ಏನು ಆಗಿಬರಲ್ಲ?” ಎಂದು ಪದರಯ್ಯನನ್ನು ಕೇಳಿದರು.

ಪದರಯ್ಯ ಜೀವನದಲ್ಲಿ ಒಮ್ಮೆ ಜಾಣನಾದ. “ಬಿಸಿ ಸಾರ್. ಪ್ರೆಸ್ಸು ಚೆನ್ನಾಗಿ ಬಿಸಿಯಾದ್ರೆ ಅದು ಹತ್ರ ಸುಳಿಯಲ್ಲ.”

ಹೊಸ ಪ್ರೆಸ್ಸಿಗೆ ಅಲ್ಲೇ ಆಜ್ಞೆಯಾಯಿತು. ಮ್ಯಾನೇಜರಿಗೆ ಕುತ್ತಿಗೆ ಉಳಿಯಿತು. ಮೇಡಂ ಮಾತ್ರ ಪದರಯ್ಯನನ್ನು ಓರೆಗಣ್ಣಿಂದ ನೋಡಿ, “ನಿಮ್ಮ ಮನೇದೂ ತಂದುಬಿಡಿ. ಒಂದೂ ಹೊರಗೆ ಉಳಿಯಬಾರದು” ಎಂದರು.

ಅದು ಸುಲಭದ ಕೆಲಸವಾಗಿರಲಿಲ್ಲ. ಪದರಯ್ಯ ಸ್ಟೂಲು ಹತ್ತಿದಾಗ ಅತ್ತೆ ಎದ್ದು ನಿಂತರು.

“ಮತ್ತೆ ಎಲ್ಲಿಗೆ?”

“ಸಂಜೆ ವಾಪಸ್ ಕರ್ಕೊಂಡು ಬರ್ತೀನಿ ಅತ್ತೆ.” ಹಾಗೆಂದನೇ ಹೊರತು ತರುವುದು ನೀರಲ್ಲಿ ನೆನೆದ ಹಾಳೆಗಳನ್ನು ಎಂದು ಅವನಿಗೆ ಗೊತ್ತಿತ್ತು. ಅತ್ತೆಗೆ ಏನು ಹೇಳುವುದೋ ಅವನಿಗೆ ತೋಚಿರಲಿಲ್ಲ.

“ಕೋಟಿಲ್ಲದೆ ಹೊರಗೆ ಹೋಗಿ ಅಭ್ಯಾಸ ಇಲ್ಲ ಅವರಿಗೆ” ಎಂದು ಅತ್ತೆ ಮಾವನವರ ಹಳೆಯ ಕಪ್ಪು ಕೋಟನ್ನು ತಂದು ಹಿಡಿಮರಕ್ಕೆ ಸುತ್ತಿ ಕೊಟ್ಟರು. ಪದರಯ್ಯ ಅದನ್ನು ಹೊತ್ತು ಬೀದಿಯಲ್ಲಿ ನಡೆದರೆ ಗಡಿಯಾರ ರಿಪೇರಿಯವನು ಎದ್ದು ನಿಂತ, ಟೈಲರಮ್ಮ ಮಿಷನ್ ನಿಲ್ಲಿಸಿದಳು. ಕೋಟಿನೊಳಗೆ ಕೆನ್ನೆ ಆನಿಸುವ ಜಾಗ ಅವನ ಭುಜಕ್ಕೆ ಒತ್ತಿಕೊಂಡಿತ್ತು. ಅದು ಬೆಚ್ಚಗಿತ್ತು. ಬಿಸಿಲಿಗೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಮೋಡ ಮುಸುಕಿದ ದಿನ ಅದು.

ಮೇಡಂ ಅದನ್ನು ಬೀಳಿಸುವ ಯಂತ್ರಕ್ಕೆ ಕಟ್ಟಿದರು. ಕತ್ತಿನ ಮೇಲೆ ಕಬ್ಬಿಣದ ಗುಂಡು ಬಿತ್ತು, ಪುಟಿಯಿತು. ಎತ್ತರ ಹೆಚ್ಚಿಸಿದರು. ಪುಟಿಯಿತು. ಯಂತ್ರ ಮುಟ್ಟುವಷ್ಟು ಎತ್ತರಕ್ಕೂ ಹೋಯಿತು. ಕೆಳಗಿನ ಹಲಗೆ ಬಿರಿಯಿತು. ಹಿಡಿಮರಕ್ಕೆ ಒಂದು ಗೀರು ಬಿದ್ದಿತ್ತು, ಅಷ್ಟೇ. ತುದಿಯಿಂದ ಚೂರು ಕೊಯ್ದು ಕುದಿಸಿದರು. ಉಳಿದವೆಲ್ಲ ಬಿಚ್ಚಿಕೊಂಡ ಹೊತ್ತು ಕಳೆಯಿತು. ಅದರ ಎರಡರಷ್ಟು ಕಳೆಯಿತು. ಪಾತ್ರೆಯ ನೀರು ಆರುತ್ತ ಬಂತು. ಚೂರು ಹಾಕಿದ ಹಾಗೇ ಇತ್ತು.

ಮೇಡಂ ಅದನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಪ್ರತಿ ಗೆರೆಯಲ್ಲೂ ಅಂಟು ತುಂಬಿ, ಬೆಂದು, ಕಲ್ಲಾಗಿತ್ತು.

“ಇದು ಪ್ರೆಸ್ಸು ಕೆಡೋಕೆ ಮುಂಚೆ ಇಳಿದಿದ್ದು ಇರಬೇಕು. ಮೊದಲ ದಿನದ್ದು. ಇಷ್ಟು ಚೆನ್ನಾಗಿರೋ ಪೀಸ್ ನಾನು ನೋಡೇ ಇಲ್ಲ. ಇದರಲ್ಲಿ ಏನೂ ಬಿಡ್ತಿಲ್ಲ, ಬಿಡೋದೂ ಇಲ್ಲ.” ಅವರು ತಡೆದು ಕೇಳಿದರು. “ನಿಮ್ಮ ಮನೇಲಿ ಇದು ಸದ್ದು ಮಾಡ್ತಿತ್ತು ಅಂದ್ರಲ್ಲ?”

ಪದರಯ್ಯ ಬಾಯಿ ತೆರೆದ. ಪದರಮರದ ಬಗ್ಗೆ ಅವನಲ್ಲಿ ಎಷ್ಟೊಂದು ಮಾತಿತ್ತು. ಒಂದೂ ಹೊರಗೆ ಬರಲಿಲ್ಲ. ಅವನು ಹಿಡಿಮರವನ್ನು ಮತ್ತೆ ಕೋಟಿನಲ್ಲಿ ಸುತ್ತಿದ, ಈ ಸಲ ಗುಂಡಿಗಳನ್ನೂ ಹಾಕಿದ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. ಕೋಟು ಬಿಚ್ಚಿ, ಅಡಿಯಿಂದ ಮುಡಿಯವರೆಗೆ ಕೈಯಾಡಿಸಿ, ಅಳಿಯನನ್ನು ನೋಡಿದರು.

“ಗಿಡ್ಡ ಆಗಿದಾರೆ.”

“ಸ್ವಲ್ಪ ಅತ್ತೆ. ತುದೀಲಿ ಕೊಯ್ದ್ರು.”

“ನೋವಾಯ್ತೇನ್ರೀ?” ಎಂದು ಅವರು ಮರವನ್ನು ಕೇಳಿದರು. ಪದರಯ್ಯ ಉತ್ತರ ಬರುವ ಮೊದಲೇ ಅಡುಗೆಮನೆಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟ.

“ಏನಂದ್ರು? ಅಂಟು ತಾನೇ?” ಹೆಂಡತಿ ಪಿಸುಗುಟ್ಟಿದಳು.

“ಅಂಟೇ” ಎಂದ ಪದರಯ್ಯ, ನೀರನ್ನೇ ನೋಡುತ್ತ. ಅವಳು ನೆಮ್ಮದಿಯಿಂದ ಒಲೆಯ ಕಡೆ ತಿರುಗಿದಳು.

ಹೊಸ ಪ್ರೆಸ್ಸು ಬಂತು. ಅದರ ಜೊತೆಗೆ ಪದರಯ್ಯನಿಗೆ ಹೊಸ ಕೆಲಸವೂ ಬಂತು. ಕಾರ್ಖಾನೆಯಿಂದ ಹೊರಬೀಳುವ ಪ್ರತಿ ಹಿಡಿಮರಕ್ಕೂ ಅವನು ಕಿವಿ ಕೊಟ್ಟು ಕೇಳಬೇಕು. ಅವನು “ಇದೆ” ಎಂದರೆ ಅದು ಒಲೆಗೆ, “ಇಲ್ಲ” ಎಂದರೆ ಪೆಟ್ಟಿಗೆಗೆ. ಗಿರಾಕಿಗಳು ಅವನು ಕೇಳದ ಮಾಲನ್ನು ಮುಟ್ಟುತ್ತಿರಲಿಲ್ಲ. ಅಂಟು ಕೆಟ್ಟಿದೆ ಎಂದು ಬಾಯಿ ಬಿಟ್ಟು ಹೇಳಲಾಗದ ಕೆಲಸಗಾರರು ಅವನ ಬಳಿ ಬಂದು, “ಇದರಲ್ಲಿ ಸ್ವಲ್ಪ ಇರಬಹುದು, ಕೇಳಿ ನೋಡಿ” ಎನ್ನುತ್ತಿದ್ದರು. ಕಾರ್ಖಾನೆಯ ಇತಿಹಾಸದಲ್ಲಿ ಅಷ್ಟು ಗಟ್ಟಿ ಮಾಲು ಎಂದೂ ಹೊರಬಂದಿರಲಿಲ್ಲ. ಪದರಯ್ಯ ಮಾತ್ರ ಪದರಮರದ ಬಗ್ಗೆ ಮಾತಾಡುವುದನ್ನು ಬಿಟ್ಟೇಬಿಟ್ಟ. ಕ್ಷೌರದಂಗಡಿಯವನು ತಾನಾಗಿ ಕೇಳಿದರೂ ಹೂಂ ಎಂದು ಸುಮ್ಮನಾಗುತ್ತಿದ್ದ.

ಒಂದು ಮಧ್ಯಾಹ್ನ ಮಾಲೀಕರು ಅವನು ಕೂತಿದ್ದ ಕೋಣೆಗೆ ಬಂದರು. ಹಿಂದೆ ಯಾರೂ ಇಲ್ಲವೆಂದು ನೋಡಿ ಬಾಗಿಲು ಮುಂದೆ ಮಾಡಿದರು. ಸಾಲಾಗಿ ತೂಗುತ್ತಿದ್ದ ಹೊಸ ಹಿಡಿಮರಗಳಿಗೆ ಬೆನ್ನು ಒರಗಿಸಿ ನಿಂತು, ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು.

“ಈಗ ನಾವಿಬ್ಬರೇ ಇದೀವಿ. ನಿಜ ಹೇಳಿ. ಆವತ್ತು ವಾಪಸ್ ಬಂದ ಮಾಲಲ್ಲಿ ದೆವ್ವ ಇರಲಿಲ್ಲ ಅಲ್ವಾ? ಬರೀ ಅಂಟು ತಾನೇ?”

“ಅಂಟೇ ಸಾರ್.”

“ನನಗೆ ಆವತ್ತೇ ಗೊತ್ತಿತ್ತು.” ಮಾಲೀಕರು ಹಗುರಾಗಿ ನಕ್ಕರು. “ಅಂದ್ರೆ ದೆವ್ವಗಿವ್ವ ಅಂತ ಏನೂ ಇಲ್ಲ.”

ಪದರಯ್ಯ ಕೈಯಲ್ಲಿದ್ದ ಹಿಡಿಮರಕ್ಕೆ ಕಿವಿ ಆನಿಸಿ, ಸ್ವಲ್ಪ ಹೊತ್ತು ಕೇಳಿ, ಅದನ್ನು ಮೆಲ್ಲಗೆ ಕಾಗದದಲ್ಲಿ ಸುತ್ತಿದ.

“ಅಂಟು ಕೆಟ್ಟಿರೋ ಕಡೆ ಇಲ್ಲ ಸಾರ್.”

ಮಾಲೀಕರು ಇನ್ನೊಮ್ಮೆ ನಗಲು ಬಾಯಿ ತೆರೆದರು. ಆಮೇಲೆ, ನಗದೆಯೇ, ಒರಗಿದ್ದ ಜಾಗದಿಂದ ಬೆನ್ನನ್ನು ನಿಧಾನವಾಗಿ ಈಚೆ ತೆಗೆದುಕೊಂಡರು.